ಷಡ್ಜಕ್ಕೆ ಕೂಡಿದ ಸೈಲೆನ್ಸರ್

ಕಿವಿಯ ಡಾಕ್ಟರು ನನ್ನ ಮುಖ ನೋಡಿ ಮಾತಾಡಲಿಲ್ಲ, ನನ್ನ ಗಂಡನ ಮುಖ ನೋಡಿ ಮಾತಾಡಿದರು. ನನಗೆ ಮೊದಲು ಕೋಪ ಬಂದದ್ದು ಅದಕ್ಕೆ. ಎಡಗಿವಿಯ ಶಕ್ತಿ ಸ್ವಲ್ಪ ಕುಂದಿದೆ, ಹೋದದ್ದು ವಾಪಸ್ಸು ಬರುವುದಿಲ್ಲ, ಉಳಿದದ್ದನ್ನು ಜೋಪಾನ ಮಾಡಬೇಕು, ಇವರು ಗದ್ದಲದಿಂದ ದೂರ ಇರಬೇಕು ಎಂದರು. ಇವರು ಎಂದರೆ ನಾನು. ಎದುರಿಗೇ ಕೂತಿದ್ದೆ.

"ಮೇಡಂ ಏನು ಕೆಲಸ ಮಾಡ್ತಾರೆ?"

"ಪಿಟೀಲು ಪಾಠ ಹೇಳ್ಕೊಡ್ತಾಳೆ," ಅಂದರು ನನ್ನವರು. ಅಷ್ಟಕ್ಕೇ ಬಿಡಬಹುದಿತ್ತು. "ಬೈಕೂ ಓಡಿಸ್ತಾಳೆ."

"ಬೈಕು ಅಂದ್ರೆ ಸ್ಕೂಟರಾ?"

"ಅಲ್ಲ ಡಾಕ್ಟ್ರೇ, ದೊಡ್ಡದು. ಎರಡು ಕಡೆ ಪೆಟ್ಟಿಗೆ ಕಟ್ಕೊಂಡು ಲಡಾಖಿಗೆಲ್ಲ ಹೋಗ್ತಾರಲ್ಲ, ಅಂಥಾದ್ದು. ನಾನು ಹಿಂದೆ ಕೂತ್ಕೋತೀನಿ."

ಡಾಕ್ಟರು ಆಗ ಮೊದಲ ಬಾರಿಗೆ ನನ್ನನ್ನು ಸರಿಯಾಗಿ ನೋಡಿದರು. ಜರಿಯಂಚಿನ ಕಾಟನ್ ಸೀರೆ, ಹಣೆಯಲ್ಲಿ ಕುಂಕುಮ, ಮುಡಿಯಲ್ಲಿ ಒಂದು ತುಂಡು ಮಲ್ಲಿಗೆ. ಪಾಪ, ಅವರಿಗೆ ಲೆಕ್ಕ ಸಿಗಲಿಲ್ಲ.

ಲೆಕ್ಕ ಸಿಗದವರು ನಮ್ಮ ಕೃಷ್ಣಮೂರ್ತಿಪುರಂನಲ್ಲೂ ಬೇಕಾದಷ್ಟು ಜನ ಇದ್ದಾರೆ. ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಬೆಳಗ್ಗೆ ಸಂಜೆ ಪಿಟೀಲು ಪಾಠ ನಡೆಯುತ್ತದೆ. ಅದೇ ಕೋಣೆಯ ಕಿಟಕಿಯಾಚೆ ನೀಲಿ ಹೊದಿಕೆ ಹೊದ್ದು ಬೈಕು ನಿಂತಿರುತ್ತದೆ. ನಲವತ್ತು ದಾಟಿದ ಮೇಲೆ ಹಟ ಹಿಡಿದು ಕಲಿತು, ಹಟ ಹಿಡಿದೇ ಕೊಂಡದ್ದು. ನನ್ನವರು ಸೈಕಲ್ಲಿಗಿಂತ ಮುಂದೆ ಹೋದವರಲ್ಲ. ಆದರೆ ಹಿಂದಿನ ಸೀಟಿನಲ್ಲಿ ಕೂತು ಅವರಷ್ಟು ಸಮಾಧಾನವಾಗಿ ಊರು ನೋಡುವ ಮನುಷ್ಯ ಇನ್ನೊಬ್ಬನಿಲ್ಲ. ನಾವಿಬ್ಬರೂ ಜಗಳವಿಲ್ಲದೆ ಇರುವುದು ಆ ಸೀಟುಗಳ ಮೇಲೆ ಮಾತ್ರ ಎಂದು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಕಿವಿ ಕೆಟ್ಟದ್ದು ಬೈಕಿನ ಸೈಲೆನ್ಸರಿನಿಂದ. ಹಳೆಯದು ತುಕ್ಕು ಹಿಡಿದು ಬೆಸುಗೆಯ ಹತ್ತಿರ ಬಾಯಿ ಬಿಟ್ಟಿತ್ತು. ಇವತ್ತು ನಾಳೆ ಎಂದು ಮುಂದೂಡುತ್ತಾ ಅದರಲ್ಲೇ ಮಡಿಕೇರಿಗೆ ಹೋಗಿ ಬಂದೆವು. ಬಂದ ಮೇಲೆ ಎಡಗಿವಿಯಲ್ಲಿ ಗುಂಯ್ ಎನ್ನುವ ಸದ್ದು ಹಿಡಿದುಕೊಂಡಿತು. ಯಾರೋ ಒಳಗೆ ಕೂತು ಒಂದೇ ತಂತಿಯನ್ನು ಬಿಡದೆ ಉಜ್ಜುತ್ತಿರುವ ಹಾಗೆ. ಅದು ನಿಂತ ಮೇಲೂ ನನ್ನ ಭಯ ನಿಲ್ಲಲಿಲ್ಲ. ಪಿಟೀಲು ಹೇಳಿಕೊಡುವವಳಿಗೆ ಕೈ ಸೋತರೆ ಹೇಗೋ ನಡೆಯುತ್ತದೆ, ಕೂತಲ್ಲಿಂದಲೇ ತಿದ್ದಬಹುದು. ಕಿವಿ ಹೋದರೆ ಬಾಗಿಲು ಹಾಕಿಕೊಳ್ಳಬೇಕು.

ಆಸ್ಪತ್ರೆಯಿಂದ ಬಂದ ದಿನ ನನ್ನವರು ಚಪ್ಪಲಿ ಬಿಡುವ ಮೊದಲೇ, "ಮಾರ್ಬಿಡೋಣ ಕಣೇ," ಅಂದರು.

"ಏನನ್ನ?"

"ಇನ್ನೇನು ಪಿಟೀಲನ್ನಾ?"

ನಾನು ರೇಗಿದೆ. ತಪ್ಪು ಸೈಲೆನ್ಸರಿನದು, ಬೈಕಿನದಲ್ಲ ಎಂದೆ. ಸದ್ದಿಲ್ಲದ ಹೊಸ ಸೈಲೆನ್ಸರ್ ಹಾಕಿಸುತ್ತೇನೆ ಎಂದೆ. ಅವರು ಒಪ್ಪಲಿಲ್ಲ. ಕೊನೆಗೆ ನಮ್ಮಿಬ್ಬರ ನಡುವೆ ಒಂದು ಕರಾರಾಯಿತು. ಹೊಸ ಸೈಲೆನ್ಸರ್ ಹಾಕಿಸಿ ಒಂದು ದೂರದ ಸವಾರಿ ಹೋಗಿ ಬರುವುದು. ಬಂದ ಮೇಲೆ ಕಿವಿಗೆ ಏನಾದರೂ ಆದರೆ ಮರುಮಾತಿಲ್ಲದೆ ಬೈಕನ್ನು ಕೊಟ್ಟುಬಿಡುವುದು. ಆಗದಿದ್ದರೆ ಅವರು ಮತ್ತೆ ಮಾರುವ ಮಾತು ಎತ್ತಬಾರದು. ನಾನು ಧೈರ್ಯವಾಗಿ ಒಪ್ಪಿಕೊಂಡೆ. ಸದ್ದನ್ನು ಆರಿಸುವ ಕೆಲಸದಲ್ಲಿ ಈ ಮೈಸೂರಿನಲ್ಲಿ ನನ್ನನ್ನು ಮೀರಿಸುವವರು ಯಾರಿದ್ದಾರೆ ಎಂಬ ಜಂಬ ನನಗೆ.

ಕಂಪನಿಯವರು ಆ ಮಾಡೆಲನ್ನೇ ನಿಲ್ಲಿಸಿದ್ದರಿಂದ ಅದಕ್ಕೆ ಸರಿಯಾದ ಸೈಲೆನ್ಸರ್ ಎಲ್ಲೂ ಸಿಗಲಿಲ್ಲ. ಹೊರಗಿನ ತಯಾರಿಯೇ ಗತಿ. ಹೊರಗಿನದು ಎಂದರೆ ಸಾಮಾನ್ಯವಾಗಿ ಊರೆಲ್ಲ ಎಬ್ಬಿಸುವಂಥದ್ದು. ಅಂಥವನ್ನು ಪೊಲೀಸರು ಕಿತ್ತು, ರಸ್ತೆಯಲ್ಲಿ ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸುವ ಚಿತ್ರ ಪೇಪರಿನಲ್ಲಿ ನೋಡಿದ್ದೆ. ನೋಡಿ ಚಪ್ಪಾಳೆಯನ್ನೂ ತಟ್ಟಿದ್ದೆ.

ಅಶೋಕ ರಸ್ತೆಯಿಂದ ಒಳಗೆ ಹೋಗುವ ಒಂದು ಗಲ್ಲಿಯಲ್ಲಿ ಸೈಲೆನ್ಸರ್ ಅಂಗಡಿ. ಗೋಡೆಯ ತುಂಬ ಹೊಳೆಯುವ ಕೊಳವೆಗಳು. ಅಂಗಡಿಯವನು ನಮ್ಮನ್ನು ನೋಡಿ, ಮಗನ ಬೈಕಿಗೆ ಬಂದವರು ಎಂದುಕೊಂಡ. ನಾನು ಬೈಕಿನ ಕೀ ಚಾಚಿದ ಮೇಲೆ ನನ್ನ ಕಡೆ ತಿರುಗಿದ.

"ಕಡಿಮೆ ಸೌಂಡಿಂದು ಕೊಡಿ," ಎಂದೆ.

"ಕಡಿಮೆ ಕೇಳೋರು ನೀವೇ ಫಸ್ಟು ಮೇಡಂ. ಬರೋರೆಲ್ಲ ಇನ್ನೂ ಜಾಸ್ತಿ ಬರುತ್ತಾ ಅಂತಾರೆ."

ಆ ಗಲ್ಲಿಯಲ್ಲಿ ಸೈಲೆನ್ಸರ್ ತೋರಿಸುವ ಪದ್ಧತಿಯೇ ಬೇರೆ. ಸೀರೆ ಅಂಗಡಿಯಲ್ಲಿ ಸೆರಗು ಬಿಚ್ಚಿ ಹರಡುವ ಹಾಗೆ ಇಲ್ಲಿ ಕೊಳವೆ ಸಿಕ್ಕಿಸಿ, ಗಾಡಿ ಚಾಲೂ ಮಾಡಿ, ಪೂರ್ತಿ ಆ್ಯಕ್ಸಿಲರೇಟರ್ ತಿರುಗಿಸುತ್ತಾರೆ. ನನಗೆ ಅದು ಗೊತ್ತಿರಲಿಲ್ಲ. ಮೊದಲನೆಯ ಗಿಡ್ಡ ಕೊಳವೆ ಹಾಕಿದವನು, ನಾನು ಕಿವಿಗೆ ಕೈ ಒಯ್ಯುವಷ್ಟರಲ್ಲಿ ತಿರುಗಿಸಿಯೇಬಿಟ್ಟ. ಎದುರು ಮಾಳಿಗೆಯ ಪಾರಿವಾಳಗಳೆಲ್ಲ ಎದ್ದವು. ನನ್ನ ಎಡಗಿವಿಯಲ್ಲಿ ಏನೋ ಚುಚ್ಚಿದಂತಾಯಿತು.

"ನಿಲ್ಸಪ್ಪಾ!" ನನ್ನವರು ಕೂಗಿದರು. ಮದುವೆಯಾದಾಗಿನಿಂದ ಅವರು ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಕೇಳಿರಲಿಲ್ಲ. "ಕಡಿಮೆದು ಅಂದ್ರೆ ಅರ್ಥ ಆಗಲ್ವಾ ನಿಂಗೆ?"

ಅವನು ಹಲ್ಲು ಕಿರಿದು ಎರಡನೆಯದನ್ನು ಸಿಕ್ಕಿಸಿದ. ಅದು ಉದ್ದನೆಯದು, ನೋಡಲು ಸೊಟ್ಟ. ಸದ್ದೇನೋ ನಿಜವಾಗಿ ಕಡಿಮೆ. ಆದರೆ ಅದರ ಸದ್ದಿಗೆ ಮೈಯೇ ಇರಲಿಲ್ಲ. ಕುಕ್ಕರಿನ ಆವಿ ಸೋರುವ ಹಾಗೆ ಚುಸ್ ಚುಸ್ ಎಂದು ಕೊರೆಯುತ್ತಿತ್ತು. ನನಗೆ ಹಲ್ಲು ಜುಮ್ಮೆಂದಿತು.

"ಇದೇ ಇರ್ಲಿ," ಅಂದರು ನನ್ನವರು.

"ಇದನ್ನ ಹಾಕ್ಕೊಂಡು ಮನುಷ್ಯರು ಗಾಡಿ ಓಡಿಸ್ತಾರೇನ್ರೀ?"

ಮೂರನೆಯದು ಮೊಟ್ಟೆಯಾಕಾರದ್ದು, ಮಾಸಲು ಬಣ್ಣದ್ದು. ಸದ್ದು ತಗ್ಗಿಸಲು ಅದರ ಬಾಯಿಯೊಳಗೆ ಇನ್ನೊಂದು ಸಣ್ಣ ಕೊಳವೆ ಇತ್ತು. ಬೈಕಿನ ಪಕ್ಕಕ್ಕೆ ಕಟ್ಟಿದ ಸಾಮಾನಿನ ಪೆಟ್ಟಿಗೆಗೂ ತಾಗುತ್ತಿರಲಿಲ್ಲ. ಅವನು ಈ ಸಲ ಮೆಲ್ಲಗೆ ತಿರುಗಿಸಿದ. ಎಂಜಿನ್ನು ಗುನುಗತೊಡಗಿತು. ಸ್ವಲ್ಪ ಏರಿಸಿದ. ಆ ಗುನುಗು ಮೇಲೆದ್ದು ಒಂದು ಜಾಗಕ್ಕೆ ಬಂದು ನಿಂತಿತು. ನನ್ನ ರೋಮ ನಿಮಿರಿತು. ನಾನು ಬಾಯಿ ಮುಚ್ಚಿಕೊಂಡೇ ಗಂಟಲಲ್ಲಿ ಷಡ್ಜ ಹಿಡಿದು ನೋಡಿದೆ. ಕೂದಲೆಳೆಯಷ್ಟೂ ಅತ್ತಿತ್ತ ಇಲ್ಲ. ನಾನು ದಿನವೂ ಹಾಡುವ, ನುಡಿಸುವ, ನನ್ನ ಶಿಷ್ಯರಿಗೆಲ್ಲ ಕೂಡಿಸಿಕೊಡುವ ನನ್ನದೇ ಶ್ರುತಿ, ಕೆಳಗಿನ ಸ್ಥಾಯಿಯಲ್ಲಿ, ಆ ಎಣ್ಣೆ ಗಲ್ಲಿಯಲ್ಲಿ ತಂಬೂರಿಯ ಹಾಗೆ ಮೊಳಗುತ್ತಿತ್ತು.

"ಇದೇ," ಎಂದೆ.

"ಅದಕ್ಕಿಂತ ಇದು ಜೋರಾಗಿದೆ ಕಣೇ."

"ಜೋರಲ್ಲ ರೀ, ತುಂಬ್ಕೊಂಡಿದೆ. ಅದು ಕಿರುಚುತ್ತೆ. ಕಿವಿ ಕೆಡಿಸೋದು ಕಿರುಚೋ ಸದ್ದು."

"ಡಾಕ್ಟ್ರು ಹಂಗೆ ಹೇಳಿದ್ರಾ?"

"ನಾನು ಹೇಳ್ತಿದೀನಿ. ಕಿವಿ ನಂದು."

ಅಂಗಡಿಯವನು ಎರಡು ಕಡೆಯೂ ತಲೆ ಆಡಿಸಿ, ಮೇಡಂ ಟೇಸ್ಟೇ ಟೇಸ್ಟು ಅಂದ. ನನ್ನವರು ಹೋಗಿ ಗಲ್ಲಿಯ ತುದಿಯಲ್ಲಿ ಬೆನ್ನು ತಿರುಗಿಸಿ ನಿಂತರು. ಆದರೂ ನಾನು ಮನಸ್ಸು ಬದಲಿಸಲಿಲ್ಲ.

ಭಾನುವಾರ ಬೆಳಗ್ಗೆ ಗುಂಡ್ಲುಪೇಟೆಯ ದಾರಿ ಹಿಡಿದೆವು. ಕಿವಿಗೆ ಡಾಕ್ಟರು ಹೇಳಿದ ಮೆತ್ತನೆಯ ಬೆಂಡು ತುರುಕಿ, ಮೇಲೆ ಹೆಲ್ಮೆಟ್ ಹಾಕಿಕೊಂಡಿದ್ದೆ. ಸರ್ಕಲ್ಲಿನಲ್ಲಿ ಪೊಲೀಸರೊಬ್ಬರು ಕೈ ಅಡ್ಡ ಹಿಡಿದಾಗ ಸೈಲೆನ್ಸರಿಗೇ ಹಿಡಿದರು ಎಂದುಕೊಂಡೆ. ಅವರು ಬಗ್ಗಿ ನೋಡಿದರು, ನನ್ನನ್ನು ನೋಡಿದರು, ಹೋಗಮ್ಮ ಎಂದು ಕೈ ಬೀಸಿದರು. ಹಿಂದಿನಿಂದ ನನ್ನವರು ಉಸಿರು ಬಿಟ್ಟದ್ದು ನನ್ನ ಬೆನ್ನಿಗೇ ಗೊತ್ತಾಯಿತು.

ನಂಜನಗೂಡು ದಾಟಿ ರಸ್ತೆ ಬಿಚ್ಚಿಕೊಂಡ ಮೇಲೆ ವೇಗ ಒಂದು ಹದಕ್ಕೆ ನಿಂತಿತು. ಆ ವೇಗದಲ್ಲಿ ಸೈಲೆನ್ಸರಿನ ಗುನುಗು ದಪ್ಪವಾಯಿತು. ಕಿವಿಯ ಬೆಂಡು ಅದನ್ನು ತಡೆಯಲಿಲ್ಲ. ಅದು ಕಿವಿಯಿಂದ ಬರುತ್ತಲೂ ಇರಲಿಲ್ಲ. ಸೀಟಿನಿಂದ, ಹ್ಯಾಂಡಲಿನಿಂದ ಮೂಳೆಗಳಲ್ಲಿ ಹತ್ತಿ ಬಂದು ತಲೆಬುರುಡೆಯೊಳಗೆ ತುಂಬುತ್ತಿತ್ತು. ಅದರೊಳಗೆ ಕೂತು ನಾನು ಸಂತೋಷದಿಂದ ಹಾಡಿದೆ. ಷಡ್ಜ, ಪಂಚಮ, ಮೇಲಿನ ಷಡ್ಜ. ಇಷ್ಟು ವರ್ಷ ತಂಬೂರಿಯ ಪಕ್ಕದಲ್ಲಿ ಕೂತಿದ್ದೇನೆ, ಅದರ ಹೊಟ್ಟೆಯೊಳಗೆ ಕೂತದ್ದು ಅದೇ ಮೊದಲು. ನಿಲ್ಲಿಸಿ ಕಿವಿಗೆ ಬಿಡುವು ಕೊಡು ಎಂದು ನನ್ನವರು ಹೆಗಲು ತಟ್ಟಿದರು. ಲೆಕ್ಕಿಸಲಿಲ್ಲ. ಬೇಗೂರಿನ ಹತ್ತಿರ ಗುದ್ದಿದರು. ಆಗಲೂ ನಿಲ್ಲಿಸಲಿಲ್ಲ.

ಗುಂಡ್ಲುಪೇಟೆಯ ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಾ ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಕೈ ತೊಳೆಯಲು ಎದ್ದಾಗ ಹಿಂದಿನಿಂದ ಪಿಸುಗುಟ್ಟಿದರು. "ಕಾಫಿ ಬೇಕಾ?"

"ಕೇಳ್ಸುತ್ತೆ ರೀ. ಬೇಕು. ಸಕ್ಕರೆ ಕಡಿಮೆ."

ಅವರು ನಕ್ಕರು, ಆದರೆ ಅವರ ಕಣ್ಣು ನಗಲಿಲ್ಲ. ನಾನೂ ಒಳಗೊಳಗೇ ಕಾಯುತ್ತಿದ್ದೆ. ಎಡಗಿವಿಯ ಬಾಗಿಲಲ್ಲಿ ಕಳ್ಳನಿಗೆ ಕಾದ ಹಾಗೆ ಕೂತಿದ್ದೆ. ಗುಂಯ್ ಎನ್ನಲಿಲ್ಲ. ವಾಪಸ್ಸು ಬರುವಾಗಲೂ ಅದೇ ಮೊಳಗು, ಅದೇ ಸುಖ. ಮನೆಗೆ ಬಂದು ಹೆಲ್ಮೆಟ್ ತೆಗೆದು, ಉಸಿರು ಹಿಡಿದು ನಿಂತೆ. ಪಕ್ಕದ ಮನೆಯ ಮಿಕ್ಸಿ ಕೇಳಿಸಿತು. ಗಿಳಿ ಕೇಳಿಸಿತು. ಗುಂಯ್ ಇಲ್ಲ.

"ಹೇಳಿ ಈಗ," ಎಂದೆ.

"ಗೆದ್ದೆ ಬಿಡು," ಅಂದರು. ಊಟವಾದ ಮೇಲೆ ಇನ್ನೊಂದು ಸಲ ವಿಚಾರಿಸಿದರು. ಮಲಗಿ ಎದ್ದ ಮೇಲೂ ವಿಚಾರಿಸಿದರು. ಆಮೇಲೆ ನಿಜವಾಗಿಯೂ ಸೋತವರ ಹಾಗೆ ಹೋಗಿ ಬೈಕಿನ ಧೂಳು ಒರೆಸತೊಡಗಿದರು.

ಸಂಜೆ ಪಾಠಕ್ಕೆ ಬಂದವಳು ನನ್ನ ದೊಡ್ಡ ಶಿಷ್ಯೆ. ವರುಣದ ಕಡೆಯ ರೈತರ ಮನೆಯ ಹುಡುಗಿ, ಆಸ್ಪತ್ರೆಯೊಂದರಲ್ಲಿ ನರ್ಸ್. ತಡವಾಗಿ ಪಿಟೀಲು ಹಿಡಿದರೂ ಡ್ಯೂಟಿ ಮುಗಿಸಿ ನಿದ್ದೆಗೆಟ್ಟು ಕಲಿತವಳು. ಆ ವಾರವೇ ಅವಳ ಸಂಗೀತದ ಸೀನಿಯರ್ ಪರೀಕ್ಷೆ. ಅದು ಪಾಸಾದರೆ ತನ್ನ ಬೀದಿಯ ಮಕ್ಕಳಿಗೆ ತಾನೇ ಪಾಠ ಶುರು ಮಾಡುತ್ತೇನೆ ಎಂದು ಆಸೆ ಇಟ್ಟುಕೊಂಡಿದ್ದಳು.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಶಿಷ್ಯರ ಪಿಟೀಲಿಗೆ ಶ್ರುತಿ ಕೂಡಿಸುವುದು ನಾನೇ. ಶ್ರುತಿ ಪೆಟ್ಟಿಗೆ ಮುಟ್ಟದೆ, ಗಂಟಲಲ್ಲಿ ಷಡ್ಜ ಹಿಡಿದು, ವಾದ್ಯವನ್ನು ಎಡಗಿವಿಯ ಹತ್ತಿರ ತಂದು, ತಂತಿ ಮೀಟುತ್ತಾ, ಅದನ್ನು ಬಿಗಿಯುವ ಬಿರಡೆ ತಿರುಗಿಸುತ್ತೇನೆ. ಕೂಡಿದ ಮೇಲೆಯೇ ಪೆಟ್ಟಿಗೆ ಹಾಕುವುದು. ನನ್ನ ಗುರುಗಳೂ ಹಾಗೇ ಮಾಡುತ್ತಿದ್ದರು. ಅವರು ಕೂಡಿಸಿದ ಶ್ರುತಿಯ ಬಗ್ಗೆ ನಾನು ಬಾಯಿ ಬಿಟ್ಟವಳಲ್ಲ. ನನ್ನ ಶಿಷ್ಯರೂ ಬಿಟ್ಟವರಲ್ಲ. ಕೂಡಿಸಿ ಕೊಟ್ಟದ್ದನ್ನು ಕಣ್ಣಿಗೊತ್ತಿಕೊಂಡು ತೆಗೆದುಕೊಳ್ಳುತ್ತಾರೆ.

ಅವತ್ತೂ ಕೂಡಿಸಿ ಕೊಟ್ಟೆ. ಪೆಟ್ಟಿಗೆ ಹಾಕಿದೆ. ಅವಳು ಕಣ್ಣಿಗೊತ್ತಿಕೊಂಡು, ಕಮಾನು ಒಂದು ಸಲ ಎಳೆದು, ನಿಂತಳು. ನನ್ನನ್ನು ನೋಡಿದಳು.

"ಏನಮ್ಮ?"

"ಏನಿಲ್ಲ ಟೀಚರ್."

ಪರೀಕ್ಷೆಗೆ ನುಡಿಸಬೇಕಾದ ವರ್ಣ ಶುರು ಮಾಡಿದಳು. ಮೊದಲ ಸಾಲಿನಲ್ಲೇ ಅವಳ ಬೆರಳುಗಳು ತಂತಿಯ ಮೇಲೆ ಇರಬೇಕಾದ ಜಾಗಕ್ಕಿಂತ ಒಂದಿಷ್ಟು ಮುಂದೆ ಬೀಳುತ್ತಿರುವುದು ನನ್ನ ಕಣ್ಣಿಗೆ ಬಿತ್ತು. ಬೆರಳಿಟ್ಟ ಸ್ವರಗಳು ಒಂದು ಥರ, ಬೆರಳಿಲ್ಲದ ತಂತಿ ಇನ್ನೊಂದು ಥರ. ಇಷ್ಟು ವರ್ಷದಲ್ಲಿ ಅವಳು ಮಾಡದಿದ್ದ ತಪ್ಪು, ಪರೀಕ್ಷೆಯ ವಾರದಲ್ಲಿ.

"ಬೆರಳು ಎಲ್ಲಿಡ್ತಿದೀಯಾ?"

ಹಿಂದಕ್ಕೆ ಸರಿಸಿದಳು. ಸರಿಸಿದ ಕೂಡಲೇ ಮುಖ ಕಿವುಚಿದಳು. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಬೆರಳು ಮತ್ತೆ ಮುಂದೆ. ನಾನು ನೆಲಕ್ಕೆ ಕೈ ಬಡಿದೆ. ನಿದ್ದೆ ಬರ್ತಿದೆಯಾ, ಪರೀಕ್ಷೆ ಬೇಡ್ವಾ ನಿಂಗೆ, ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಅವಳ ಕಣ್ಣು ತುಂಬಿತು. ಆದರೂ ಅವಳು ನಾನು ಹೇಳಿದ ಕಡೆ ಬೆರಳಿಟ್ಟು ನುಡಿಸಿದಳು, ಕಮಾನು ನಡುಗುತ್ತಿತ್ತು. ನನಗೆ ಎಲ್ಲ ಸರಿಯಾಗಿಯೇ ಕೇಳಿಸುತ್ತಿತ್ತು. ಸರಿಯಾಗಿ ಕೇಳಿಸುತ್ತಿರುವಾಗ ಇವಳು ಯಾಕೆ ಅಳುತ್ತಿದ್ದಾಳೆ ಎಂದು ಇನ್ನೂ ಸಿಟ್ಟು ಬಂತು. ಮುಂದೆ ಬಗ್ಗಿ ಅವಳ ಬೆರಳು ಹಿಡಿದು ತಂತಿಯ ಮೇಲೆ ಒತ್ತಿದೆ. "ಇಲ್ಲಿ!"

ಅವಳು ಕಮಾನು ಕೆಳಗಿಟ್ಟಳು. ಶ್ರುತಿ ಪೆಟ್ಟಿಗೆ ಒಂದೇ ಸಮನೆ ಮೊಳಗುತ್ತಿತ್ತು.

"ಟೀಚರ್, ತಪ್ಪು ತಿಳ್ಕೋಬ್ಯಾಡಿ."

"ಏನು, ಹೇಳು."

"ತಂತಿ ಇಳ್ದದೆ. ನಾಕೂ ಇಳ್ದವೆ."

"ನಾನು ಕೂಡಿಸಿದ್ದು ಕಣೇ ಅದು!"

"ಅದುಕ್ಕೇ ಏಳ್ಲಿಲ್ಲ ಟೀಚರ್. ಬೆರಳಲ್ಲೇ ಸರಿ ಮಾಡ್ಕೊಂಡು ನುಡ್ಸುಬುಡವಾ ಅಂತಿದ್ದೆ. ನೀವು ಬುಡ್ಲಿಲ್ಲ."

ಪಿಟೀಲನ್ನು ಕಿತ್ತುಕೊಂಡೆ ಎಂದೇ ಹೇಳಬೇಕು. ಎಡಗಿವಿಯ ಹತ್ತಿರ ಹಿಡಿದು ಮೀಟಿದೆ. ಪೆಟ್ಟಿಗೆಗೆ ಸರಿಯಾಗಿ ಕೂಡಿದೆ. ಇವಳಿಗೇನಾಗಿದೆ ಎನ್ನಲು ಬಾಯಿ ತೆರೆದವಳು, ಯಾಕೋ, ಎಡಗಿವಿ ಮುಚ್ಚಿಕೊಂಡು ಬಲಗಿವಿಗೆ ಹಿಡಿದೆ. ತಂತಿ ಇಳಿದಿತ್ತು. ಸ್ವಲ್ಪವಲ್ಲ, ಮೊದಲ ವರ್ಷದ ಮಗುವಿಗೂ ಗೊತ್ತಾಗುವಷ್ಟು ಇಳಿದಿತ್ತು. ಮತ್ತೆ ಎಡಕ್ಕೆ ತಂದೆ, ಸರಿ. ಬಲಕ್ಕೆ, ಇಳಿದಿದೆ. ಒಂದೇ ತಂತಿ, ಒಂದೇ ಬೆರಳು. ಎಡಗಿವಿ ಸ್ವರವನ್ನು ಇದ್ದದ್ದಕ್ಕಿಂತ ಏರಿಸಿ ಕೇಳಿಸುತ್ತಿತ್ತು, ಅದನ್ನು ನಂಬಿ ನಾನು ತಂತಿ ಇಳಿಸಿದ್ದೆ. ಕಿವಿ ಕೇಳದೆ ಹೋಗಬಹುದು ಎಂದು ನಾನು ಹೆದರಿದ್ದೆನೇ ಹೊರತು, ಕೇಳುತ್ತಲೇ ಸುಳ್ಳು ಹೇಳಬಹುದು ಎಂದು ಎಣಿಸಿರಲಿಲ್ಲ. ದಿನವಿಡೀ ನನ್ನ ಷಡ್ಜವನ್ನೇ ತಲೆಗೆ ಜಡಿಸಿಕೊಂಡು ಬಂದಿದ್ದೆ. ಯಾವ ಸದ್ದನ್ನು ನಾನು ಪ್ರೀತಿಸಿ ಆರಿಸಿದೆನೋ ಅದೇ ನನ್ನ ಕಿವಿಯನ್ನು ಕದಲಿಸಿತ್ತು. ಬೇರೆ ಯಾರೇ ಆಗಿದ್ದರೂ ಚುಸ್ ಎನ್ನುವುದನ್ನು ತಂದು ಹಾಕಿಕೊಂಡು ಹಾಯಾಗಿ ಇರುತ್ತಿದ್ದರು.

ಅಷ್ಟರಲ್ಲಿ ನನ್ನವರು ಕಾಫಿ ತಂದರು. ಅವರಿಗೆ ಶ್ರುತಿಗೂ ಸೊಪ್ಪಿನವನ ಕೂಗಿಗೂ ವ್ಯತ್ಯಾಸ ತಿಳಿಯದು. ಪಾಠದ ಜಗಳ ಅವರಿಗೆ ದಿನದ ಮಾತು.

"ನಿಮ್ಮ ಟೀಚರ್ ಗೆದ್ಬಿಟ್ರು ಕಣಮ್ಮ," ಅಂದರು. "ಕಿವಿಗೇನಾದ್ರೂ ಆದ್ರೆ ಬೈಕು ಮಾರೋದು ಅಂತ ಕರಾರಾಗಿತ್ತು. ಗುಂಡ್ಲುಪೇಟೆಗೆ ಹೋಗಿ ಬಂದ್ವಿ, ಏನೂ ಆಗ್ಲಿಲ್ಲ. ಕಲ್ಲಿನಂಥಾ ಗಟ್ಟಿ ಕಿವಿ. ಅಲ್ವಾ?"

ಅವಳು ನನ್ನನ್ನು ನೋಡಿದಳು. ನರ್ಸಮ್ಮನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಎಲ್ಲ ಅರ್ಥವಾಯಿತು.

"ಊಂ ಸಾರ್," ಅಂದಳು. "ಪಾಠ ಚೆನ್ನಾಗಾಯ್ತಾದೆ."

ನಾನು ಸುಮ್ಮನಿದ್ದರೆ ಆಗುತ್ತಿತ್ತು. ಅವಳು ಯಾರಿಗೂ ಹೇಳುತ್ತಿರಲಿಲ್ಲ. ಬೈಕು ಉಳಿಯುತ್ತಿತ್ತು, ಗುರುವಿನ ಮರ್ಯಾದೆ ಉಳಿಯುತ್ತಿತ್ತು. ಅವಳು ಪರೀಕ್ಷೆಯ ತನಕ ನನ್ನ ಇಳಿದ ತಂತಿಗಳ ಮೇಲೆ ಬೆರಳು ಸರಿಸಿಕೊಂಡು, ಬೈಸಿಕೊಂಡು ನುಡಿಸುತ್ತಿದ್ದಳು. ಸುಮ್ಮನಿರಬೇಕು ಎಂದು ನನಗೆ ಬಹಳ ಅನ್ನಿಸಿತು. ಕಿಟಕಿಯಾಚೆ ಅವರು ಒರೆಸಿಟ್ಟ ಬೈಕು ಕಾಣುತ್ತಿತ್ತು.

ಪಿಟೀಲನ್ನು ಅವಳ ಕೈಗೆ ಕೊಟ್ಟೆ. "ನೀನೇ ಶ್ರುತಿ ಮಾಡ್ಕೋ. ನನ್ನ ಎಡಗಿವಿ ಸರಿಯಿಲ್ಲ."

ನನ್ನವರು ಲೋಟಗಳನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಅಲ್ಲೇ ಕೂತುಬಿಟ್ಟರು.

ಅವಳು ಬಿರಡೆಗೆ ಕೈ ಹಾಕಲು ಹೆದರಿದಳು. ನನ್ನ ಮುಂದೆ ಶಿಷ್ಯರು ಯಾರೂ ಬಿರಡೆ ಮುಟ್ಟಿದ್ದಿಲ್ಲ. ಒಂದೊಂದು ತಂತಿ ಏರಿಸಿದಾಗಲೂ ಅಭ್ಯಾಸಬಲದಿಂದ ನನ್ನ ಮುಖ ನೋಡುತ್ತಿದ್ದಳು, ಸರಿ ಎಂದು ತಲೆ ಆಡಿಸುತ್ತೇನೆಂದು. ಆಡಿಸಲು ನನಗೆ ಗೊತ್ತಿದ್ದರಲ್ಲವೇ. "ನನ್ನ ನೋಡ್ಬೇಡ, ಪೆಟ್ಟಿಗೆ ಕೇಳು," ಎಂದೆ.

ನನ್ನವರು ಮೆಲ್ಲಗೆ, "ಮಾರೋದೇನೂ ಬೇಡ ಕಣೇ," ಅಂದರು. "ಆ ಇನ್ನೊಂದು ಸೈಲೆನ್ಸರ್ ಹಾಕಿಸಿ ನೋಡೋಣ. ಡಾಕ್ಟ್ರನ್ನ ಕೇಳೇ ಹಾಕ್ಸೋಣ. ನಾಳೆ ಹೋಗ್ತೀನಿ, ಬರ್ತೀಯಾ?"

ಕರಾರು ಮುರಿದದ್ದು ಅದರಲ್ಲಿ ಗೆದ್ದಿದ್ದ ಅವರೇ. ನನಗೆ ಅಳು ಬಂತು, ಅತ್ತುಬಿಟ್ಟೆ.

"ನೀವೂ ಇವಳೂ ಹೋಗಿ ಆರಿಸ್ಕೊಂಡು ಬನ್ನಿ. ಇವಳು ಬೇಡ ಅಂದ್ರೆ ಬೇಡ, ಗಾಡಿ ಕೊಟ್ಟುಬಿಡಿ. ನನ್ನನ್ನ ಮಾತ್ರ ಕೇಳ್ಬೇಡಿ."

ನಾಲ್ಕು ತಂತಿಯೂ ಕೂಡಿದವು ಎಂದು ಅವಳು ಹೇಳಿದಳು. ಕಣ್ಣು ಮುಚ್ಚಿ ವರ್ಣವನ್ನು ಮೊದಲಿನಿಂದ ಎತ್ತಿಕೊಂಡಳು. ಬೆರಳುಗಳು ಎಲ್ಲಿ ಬೀಳಬೇಕೋ ಅಲ್ಲೇ ಬೀಳುತ್ತಿದ್ದವು. ಕಮಾನು ನಡುಗಲಿಲ್ಲ. ನನ್ನ ಎಡಗಿವಿಗೆ ಮಾತ್ರ ಅದರ ಒಂದೊಂದು ಸ್ವರವೂ ಜಾಗ ತಪ್ಪಿ ಏರಿ ಕೂತಂತೆ ಕೇಳಿಸುತ್ತಿತ್ತು. ನಿಲ್ಲಿಸು ಎಂಬ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡು, ತೊಡೆಯ ಮೇಲೆ ಕೈ ಇಟ್ಟು, ಕೊನೆಯವರೆಗೂ ತಾಳ ಹಾಕಿದೆ.